ರಟ್ಟಿನ ಕೆಳಗಿನ ಹಕ್ಕಿ

ತಂಗಿ ತಾನು ಬರೆದ ಚಿತ್ರವನ್ನು ಮೇಜಿನ ಮೇಲೆ ಹರಡಿದಾಗ ಅಕ್ಕನ ಕಣ್ಣು ಮೊದಲು ಹುಡುಕಿದ್ದು ತಪ್ಪನ್ನು. ಹಿಮ ಕೂತ ಬೋಳು ಕೊಂಬೆ. ಚಳಿಗೆ ಗರಿ ಉಬ್ಬಿಸಿಕೊಂಡು ಎಡಕ್ಕೆ ಕತ್ತು ತಿರುಗಿಸಿದ ನಾಲ್ಕು ಹಕ್ಕಿಗಳು. ಎಡತುದಿಯಲ್ಲಿ ಕೊಕ್ಕು ತೆರೆದು ಹಾಡುತ್ತಿರುವ ಐದನೆಯದು. ತಪ್ಪು ಸಿಗಲಿಲ್ಲ.

ಅಪ್ಪನ ಕಾಲದ ಫ್ರೇಮ್ ಅಂಗಡಿಯನ್ನು ಹದಿನಾರು ವರ್ಷದಿಂದ ನಡೆಸುತ್ತಿದ್ದವಳು ಅಕ್ಕ. ತಂಗಿಗೆ ಕುಂಚ ಹಿಡಿಯಲು ಕಲಿಸಿದವಳೂ ಅವಳೇ. ಈಗ ಜನ ಅವಳನ್ನು ಗುರುತಿಸುತ್ತಿದ್ದದ್ದು 'ಆ ಕಲಾವಿದೆಯ ಅಕ್ಕ' ಎಂದು.

"ಶುಕ್ರವಾರ ಪ್ರದರ್ಶನ ಕಣಕ್ಕಾ, ಬಹುಮಾನಾನೂ ಇದೆ. ಫ್ರೇಮ್ ನಿನ್ನ ಕೈಯಿಂದಲೇ ಆಗ್ಬೇಕು" ಎಂದು ಹೇಳಿ ತಂಗಿ ಹೋದಳು.

ಚಿತ್ರದ ಸುತ್ತ ಕೂರಿಸುವ ಬಿಳಿ ರಟ್ಟಿಗೆ ಅಕ್ಕ ಅಳತೆ ಹಾಕಿದಳು. ಅಳತೆ ಸರಿಯಾಗಿಯೇ ಇತ್ತು. ಆ ಗೆರೆಯನ್ನು ಅಳಿಸಿ, ಎಡಗಡೆ ನಾಲ್ಕು ಬೆರಳು ಒಳಕ್ಕೆ ಬೇರೆ ಗೆರೆ ಎಳೆದು ಕತ್ತರಿಸಿದಳು. ಹಾಡುವ ಹಕ್ಕಿ ರಟ್ಟಿನ ಕೆಳಗೆ ಹೋಯಿತು. ಗಾಜು ಕೂರಿಸಿ ಮೊಳೆ ಹೊಡೆದಳು. ಕಾಗದ ಸುತ್ತಿದ ಚಿತ್ರ ನೇರವಾಗಿ ಪ್ರದರ್ಶನಕ್ಕೆ ಹೋಯಿತು.

ಶುಕ್ರವಾರ ಜನ ಮುತ್ತಿಕೊಂಡದ್ದು ಅದರ ಮುಂದೆಯೇ. "ನಾಲ್ಕೂ ಏನನ್ನೋ ಕೇಳಿಸ್ಕೊಳ್ತಿವೆ. ಹಾಡ್ತಿರೋದು ಯಾರು ಅಂತ ಕಾಣಲ್ಲ. ಅದೇ ಇದರ ಸೊಗಸು" ಎಂದರು ತೀರ್ಪುಗಾರರು. ಮೊದಲ ಬಹುಮಾನ ಬಂತು. ಕೆಡಿಸಲೆಂದು ಮಾಡಿದ್ದೂ ತಂಗಿಗೇ ಒದಗಿಬಂದದ್ದು ಕಂಡು ಅಕ್ಕನ ಹೊಟ್ಟೆ ಉರಿದುಹೋಯಿತು.

ತಂಗಿ ಬಂದು ಅವಳ ಕೈ ಹಿಡಿದಳು. "ಮೊದಲು ನೋಡ್ದಾಗ ಎದೆ ಧಸಕ್ ಅಂತು. ಆ ಹಕ್ಕಿ ಹೆಚ್ಚಾಯ್ತು ಅಂತ ನಿಂಗೆ ಹೇಗಕ್ಕಾ ಹೊಳೀತು?"

ಸುಮ್ಮನಿದ್ದರೆ ಹೊಗಳಿಕೆಯಲ್ಲಿ ಪಾಲು ಸಿಗುತ್ತಿತ್ತು. ಆದರೆ ಆ ಪಾಲೂ ತಂಗಿ ಕೊಟ್ಟದ್ದೇ ಆಗುತ್ತಿತ್ತು. ಅದನ್ನು ಸಹಿಸಲಾಗಲಿಲ್ಲ.

"ಹೊಳೀಲಿಲ್ಲ. ಹೊಟ್ಟೆಕಿಚ್ಚಿಗೆ ಮುಚ್ಚಿದೆ. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಅದೇ."

ತಂಗಿ ಕೈ ಬಿಟ್ಟಳು.

ತಿಂಗಳು ಕಳೆದರೂ ಅವಳು ಅಂಗಡಿ ಕಡೆ ತಲೆ ಹಾಕಲಿಲ್ಲ. ಹೊಸ ಚಿತ್ರವನ್ನು ಪಕ್ಕದ ಬೀದಿಯ ಫ್ರೇಮ್ ಅಂಗಡಿಯವನಿಗೆ ಕೊಡುತ್ತಾಳಂತೆ ಎಂಬ ಸುದ್ದಿ ಬಂದಾಗ ಅಕ್ಕನಿಗೆ ಹೊಟ್ಟೆ ಉರಿದದ್ದು ತಂಗಿಯನ್ನು ನೆನೆದಲ್ಲ, ಆ ಅಂಗಡಿಯವನನ್ನು ನೆನೆದು. ಮಧ್ಯಾಹ್ನವೇ ಬಾಗಿಲೆಳೆದು ತಂಗಿಯ ಮನೆಗೆ ನಡೆದಳು.

"ಅವನು ಜೋಡಿಸಿದ ಮೂಲೆಗಳು ವರ್ಷದೊಳಗೆ ಬಾಯಿ ಬಿಡ್ತವೆ" ಎಂದಳು ಹೊಸ್ತಿಲಲ್ಲೇ ನಿಂತು. "ನಂಗೆ ಕೊಡು."

ತಂಗಿ ಒಳಗೆ ಕರೆಯಲಿಲ್ಲ. ತಾನೇ ಹೋಗಿ ಚಿತ್ರ ತಂದಳು.

"ಅಳತೆ ನಾನೇ ಬರ್ಕೊಡ್ತೀನಿ" ಎಂದಳು.