ಉಮ್ಮ್ ಬದವಿಯ ಫದೀಹಾ

ನಮ್ಮ ಓಣಿಯಲ್ಲಿ ಫದೀಹಾ ಎಂದರೆ ನಾಲ್ಕು ಜನರೆದುರು ಮಾನ ಹರಾಜಾಗುವುದು. ಉಮ್ಮ್ ಬದವಿಯ ಬಾಯಲ್ಲಿ ಮಾತ್ರ ಆ ಮಾತಿಗೆ ಕಿಮ್ಮತ್ತೇ ಇರಲಿಲ್ಲ. ಈರುಳ್ಳಿ ಸೀದರೂ ಫದೀಹಾ, ಬೆಕ್ಕು ಸೀನಿದರೂ ಫದೀಹಾ. "ಯಾ ಫದೀಹ್ತಿ! ನನ್ ಮಾನ ಹೋಯ್ತಲ್ಲೇ!" ಎಂದು ಎದೆ ಬಡಿದುಕೊಂಡರೆ ಅರ್ಧ ಕೈರೋ ಕಿಟಕಿ ತೆರೆಯಬೇಕು. ಆ ಹೆಂಗಸನ್ನು ಕಂಡರೆ ನನಗಾಗುತ್ತಿರಲಿಲ್ಲ.

ರಂಜಾನ್ ಮುಗಿಯುತ್ತ ಬಂದಿತ್ತು. ಹಬ್ಬದ ಕಹ್ಕ್ ಬಿಸ್ಕತ್ತು ಬೇಯಿಸಿಕೊಳ್ಳಲು ನಮ್ಮ ಭಟ್ಟಿಯ ಮುಂದೆ ಹೆಂಗಸರ ನೂಕುನುಗ್ಗಲು. ಬೆಂಕಿ ನೋಡುವವನು ನನ್ನ ಗಂಡ, ಹರಿವಾಣ ಇಸಿದುಕೊಳ್ಳುವವಳು ನಾನು. ಇನ್ಶಿರಾಹ್ ಮಾತ್ರ ತನ್ನ ಸರದಿ ಬಂದಾಗೆಲ್ಲ "ನೀವು ಹೋಗಿ ಅಕ್ಕಾ, ನನಗೇನವಸರ" ಎಂದು ಹಿಂದೆ ಸರಿಯುತ್ತಿದ್ದಳು. ಅವಳ ಗಂಡನಿಗೆ ಚಳಿಗಾಲದಿಂದ ಕೆಲಸವಿಲ್ಲ. ಮಗಳ ನಿಶ್ಚಿತಾರ್ಥ ಹಬ್ಬಕ್ಕೆ ಎಂದು ಮಾತಾಗಿತ್ತು. ಅಷ್ಟರಲ್ಲಿ ಬೀಗಿತ್ತಿಯಾಗಲಿದ್ದ ದೌಲತ್ ಬಂದು ಸಾಲಿನಲ್ಲಿ ಅವಳ ಹಿಂದೆಯೇ ನಿಂತಳು.

"ಏನಮ್ಮಾ, ಇಲ್ಲೇ ಬೇರು ಬಿಟ್ಯಾ? ನಡಿ ಮುಂದೆ. ನಿನ್ನ ಕೈರುಚಿ ನೋಡೋಣ."

ಇನ್ಶಿರಾಹ್ ಹರಿವಾಣ ಚಾಚಿದಳು. ಇಸಿದುಕೊಂಡೆ, ಒಳಗೆ ಟಿಣ್ ಎಂದಿತು. ಮುಚ್ಚಿದ್ದ ಬಟ್ಟೆಯ ಅಂಚು ಎತ್ತಿದರೆ ಬೋರಲು ಹಾಕಿದ ಚಹಾ ಬಸಿಗಳು, ಸಾಲಾಗಿ. ಓಣಿಯಲ್ಲಿ ಹರಿವಾಣ ಹೊತ್ತು ನಡೆದದ್ದು ಕಂಡರೆ ಸಾಕು, ಹಾಗೇ ಮನೆಗೆ ಮರಳೋಣ ಎಂದುಕೊಂಡಿದ್ದಳು ಪಾಪ. ಅವಳ ತುಟಿ ಒಣಗಿತ್ತು. ತಲೆಯೆತ್ತಿದರೆ ಪಕ್ಕದಲ್ಲೇ ಉಮ್ಮ್ ಬದವಿ, ಕಣ್ಣು ಬಸಿಗಳ ಮೇಲೆ. ಮುಗಿಯಿತು, ಇನ್ನು ಆ ಹುಡುಗಿಗೆ ಮದುವೆಯಿಲ್ಲ ಎಂದುಕೊಂಡೆ.

"ಇದೇನದು ಸದ್ದು?" ಎಂದು ದೌಲತ್ ಕತ್ತು ಚಾಚಿದಳು.

"ಯಾ ಫದೀಹ್ತಿ!" ಉಮ್ಮ್ ಬದವಿ ಎದೆ ಬಡಿದುಕೊಂಡಳು. "ಅದು ನಂದು ಕಣ್ರೇ! ಈ ಸಲ ಹಿಟ್ಟೇ ಕಲಸಿಲ್ಲ. ನಿಮ್ಮ ಕಣ್ಣಿಗೆ ಮಣ್ಣೆರಚೋಣ ಅಂತ ಬಸಿ ಹೊತ್ಕೊಂಡು ಬಂದೆ, ಕಟ್ಟೆ ಮೇಲೆ ಇಟ್ಟಾಗ ಅದಲು ಬದಲಾಯ್ತು. ತಗೋ ಇನ್ಶಿರಾಹ್, ಇದು ನಿಂದು."

ತನ್ನ ಹರಿವಾಣವನ್ನು ಇನ್ಶಿರಾಹಳ ಕೈಗೆ ತುರುಕಿದಳು. ಅದರ ತುಂಬ ಕಹ್ಕ್, ಒಂದೊಂದರ ಮೇಲೂ ಚಿಮುಟದ ಚಿತ್ತಾರ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. "ಬಸಿ ಚೆನ್ನಾಗಿ ಬೇಯಿಸಮ್ಮಾ!" ಎಂದು ನನಗೆ ಯಾರೋ ಕೂಗಿದರು. ದೌಲತ್ ಅಂತೂ ಕಣ್ಣೀರು ಬರುವಷ್ಟು ನಕ್ಕಳು. ಉಮ್ಮ್ ಬದವಿ ನನ್ನ ಕೈಯಿಂದ ಹರಿವಾಣ ಕಸಿದುಕೊಂಡು, ಬಸಿಗಳನ್ನು ಟಿಣ್ ಟಿಣ್ ಎನ್ನಿಸುತ್ತ ಓಣಿಯುದ್ದಕ್ಕೂ ನಡೆದುಹೋದಳು.

ಹಬ್ಬದ ಬೆಳಿಗ್ಗೆ ಇನ್ಶಿರಾಹ್ ಮೊದಲ ತಟ್ಟೆ ಕಳಿಸಿದ್ದು ಅವಳ ಮನೆಗೇ. ಉಮ್ಮ್ ಬದವಿ ಬಾಲ್ಕನಿಯಲ್ಲಿ ನಿಂತು ಒಂದು ಕಚ್ಚಿದಳು, ಮುಖ ಕಿವುಚಿದಳು.

"ಏನೇ ಇನ್ಶಿರಾಹ್, ಸಕ್ಕರೆಗೂ ಬರವೇನೇ? ಬೀಗಿತ್ತಿಗೂ ಇದನ್ನೇ ಕೊಟ್ಯಾ? ಯಾ ಫದೀಹ್ತಿ!"