ಬ್ರೇಕ್ ಆಯಿಲ್

ಭಾನುವಾರ ಬೆಳಿಗ್ಗೆ ವಿಶಾಖಾ ಕಾರಿನಲ್ಲಿ ಕೂತು ಬ್ರೇಕು ತುಳಿದಳು. ಕಾಲು ತೆಗೆದ ಮೇಲೂ ಪೆಡಲು ಮೇಲೇಳಲಿಲ್ಲ. ಗೇರು ಹಾಕಿ ಬಿಟ್ಟರೆ ಗಾಡಿ ಒಂದಡಿ ಮುಂದಕ್ಕೆ ಮುಲುಕಿ ನಿಂತುಬಿಟ್ಟಿತು. ಚಕ್ರಗಳು ಕಚ್ಚಿಕೊಂಡಿದ್ದವು. ಹೋದ ಭಾನುವಾರ ಸಂಜೆ ಇದೇ ಬ್ರೇಕು ಹದವಾಗಿ ಹಿಡಿದು ಹದವಾಗಿ ಬಿಟ್ಟಿತ್ತು. ಆಮೇಲೆ ವಾರವಿಡೀ ಅವಳು ಗಾಡಿ ಮುಟ್ಟಿರಲಿಲ್ಲ. ಬೇರೆ ಯಾರಿಗಾದರೂ ಅಳು ಬರುತ್ತಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಐದು ತಿಂಗಳು, ಸರ್ಕಾರಿ ಕಚೇರಿಯ ಗುಮಾಸ್ತೆ ಕೆಲಸ ಮುಗಿಸಿ ಬಂದು, ಮಾವಳ್ಳಿಯ ಈ ಓಣಿಯಲ್ಲಿ ಗೋಣಿಚೀಲ ಹಾಸಿಕೊಂಡು ಹಳೇ ಕಾರಿನ ಕೆಳಗೆ ಮಲಗಿದ್ದಳು. ಫೋನಿನಲ್ಲಿ ವಿಡಿಯೋ ನೋಡುವುದು, ನಿಲ್ಲಿಸುವುದು, ಬಿಚ್ಚುವುದು. ಮೊದಲ ತಿಂಗಳು ಎರಡು ಬೋಲ್ಟು ಮುರಿದಳು. ಜೆ.ಸಿ. ರಸ್ತೆಯ ಅಂಗಡಿಯವನು "ಮನೇಲಿ ಗಂಡಸ್ರು ಯಾರಾದ್ರೂ ಇದ್ರೆ ಕಳ್ಸಮ್ಮಾ" ಎಂದ. ಬೋಲ್ಟು ಕೊಡುವ ತನಕ ಅವಳು ಅಂಗಡಿಯ ಮುಂದಿನಿಂದ ಕದಲಲಿಲ್ಲ. ಓಣಿಯವರು ಅವಳಿಗೆ 'ಮೇಸ್ತ್ರಿ' ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ ಎಂದು ಸುಮ್ಮನಾದಳು.

ಕಾರು ಅಪ್ಪ ಬೈರಯ್ಯನದು. ಮೂವತ್ತೊಂದು ವರ್ಷ ಇಲಾಖೆಯಲ್ಲಿ ಸಾಹೇಬರುಗಳ ಗಾಡಿ ಓಡಿಸಿ, ನಿವೃತ್ತನಾದಾಗ ತನ್ನದೆಂದು ಕೊಂಡದ್ದು. ಈಗ ಅವನ ಕಣ್ಣು ಮಂಜಾಗಿತ್ತು. ಹಳೇ ಗಾಡಿ ಕೊಳ್ಳುವ ಮುನಿರಾಮಪ್ಪನಿಗೆ ಮಾರಿಬಿಡೋಣ ಎಂದು ಅವಳ ತಮ್ಮ ಅನಿರುದ್ಧ ಹಟ ಹಿಡಿದಿದ್ದ. ಅನಿರುದ್ಧನಿಗೆ ಆ ಮನೆಯಲ್ಲಿ ಕೇಳದೆಯೇ ಎಲ್ಲ ಸಿಕ್ಕಿತ್ತು. ವಿಶಾಖಾ ಮೂವತ್ತೆಂಟು ವರ್ಷಕ್ಕೆ ಬಾಯಿಬಿಟ್ಟು ಕೇಳಿದ್ದು ಈ ಗಾಡಿಯೊಂದನ್ನೇ.

"ಮುಂದಿನ ಭಾನುವಾರ ಲಾಲ್‌ಬಾಗ್ ಸುತ್ತ ಒಂದು ರೌಂಡ್ ಹೊಡ್ಕೊಂಡು ಬಾ. ಬ್ರೇಕ್ ಸರಿಯಾಗಿದ್ರೆ ಗಾಡಿ ನಿಂದು. ಇಲ್ದಿದ್ರೆ ಮುನಿರಾಮಪ್ಪ ತಗೊಂಡು ಹೋಗ್ಲಿ" ಎಂದಿದ್ದ ಬೈರಯ್ಯ.

ಆ ಭಾನುವಾರ ಬಂದಿತ್ತು. ಮುನಿರಾಮಪ್ಪನೂ ಬಂದು ಜಗಲಿಯ ಮೇಲೆ ಅಪ್ಪನ ಪಕ್ಕ ಕಾಫಿ ಕುಡಿಯುತ್ತಿದ್ದ.

"ನಾನ್ ಮೊದ್ಲೇ ಹೇಳಿದ್ದೆ, ಇವಳು ಇದ್ದಿದ್ದನ್ನೂ ಕೆಡಿಸ್ತಾಳೆ ಅಂತ" ಎಂದ ಅನಿರುದ್ಧ.

"ವಿಡಿಯೋ ನೋಡಿ ಮೆಕ್ಯಾನಿಕ್ ಆಗೋದಾಗಿದ್ರೆ ಇನ್ನೇನು" ಎಂದು ಬೈರಯ್ಯ ನಕ್ಕ. ಮುನಿರಾಮಪ್ಪನೂ ಮರ್ಯಾದೆಗೆ ನಕ್ಕ.

ವಿಶಾಖಾ ಬಾನೆಟ್ ಎತ್ತಿದಳು. ಬ್ರೇಕಿನ ಡಬ್ಬಿಯ ಮುಚ್ಚಳ ಬಿಚ್ಚಲು ತಿಣುಕಬೇಕಾಯಿತು, ಅದರ ಕೆಳಗಿನ ರಬ್ಬರು ನೆನೆದ ಕಡಲೆಯ ಹಾಗೆ ಊದಿತ್ತು. ತಾನು ತುಂಬಿಸಿದ್ದು ತಿಳಿ ಬಣ್ಣದ್ದು. ಇದು ಮಬ್ಬಾಗಿತ್ತು. ಒಳಗಿಂದ ಒಂದು ಲೋಟ ನೀರು ತಂದು ಅದಕ್ಕೆ ನಾಲ್ಕು ಹನಿ ಬಿಟ್ಟಳು. ತಾನು ಹಾಕಿದ್ದಾಗಿದ್ದರೆ ನೀರಿನಲ್ಲಿ ಬೆರೆತುಹೋಗಬೇಕು. ಇದು ಸಾರಿನ ಮೇಲಿನ ಒಗ್ಗರಣೆಯಂತೆ ತೇಲಿತು.

"ಇದಕ್ಕೆ ಇಂಜಿನ್ ಆಯಿಲ್ ಸುರಿದೋರು ಯಾರು?"

"ನಾನೇ" ಎಂದ ಬೈರಯ್ಯ, ಕಾಫಿ ಲೋಟ ಕೆಳಗಿಡದೆ. "ಸೋಮವಾರ ನೋಡ್ದೆ, ಸ್ವಲ್ಪ ಕಮ್ಮಿ ಇತ್ತು. ನೀನು ಮರ್ತಿದೀಯ ಅಂತ ಹಾಕಿ, ಹತ್ತಿಪ್ಪತ್ತು ಸಲ ತುಳ್ದೂ ಬಿಟ್ಟೆ. ಬ್ರೇಕ್ ಆಯಿಲ್ ತಾನೆ?"

ಬ್ರೇಕ್ ಆಯಿಲ್. ಇಡೀ ಊರೇ ಹಾಗೆ ಕರೆಯುತ್ತದೆ, ಅಂಗಡಿಯವನೂ ಹಾಗೇ ಕರೆಯುತ್ತಾನೆ, ಆದರೆ ಅದು ಎಣ್ಣೆಯೇ ಅಲ್ಲ. ಎಣ್ಣೆ ತಾಗಿದರೆ ಒಳಗಿನ ರಬ್ಬರೆಲ್ಲ ಊದಿ ಬ್ರೇಕು ಸಿಕ್ಕಿಹಾಕಿಕೊಳ್ಳುತ್ತದೆ. ಅವಳು ಇದನ್ನು ಹಲ್ಲು ಕಚ್ಚಿ ವಿವರಿಸಿದಳು.

"ಮೂವತ್ತೊಂದು ವರ್ಷ ಗಾಡಿ ಓಡ್ಸಿದೀನಿ. ನಂಗೆ ಹೇಳ್ಕೊಡ್ತೀಯಾ ನೀನು?"

ಓಡಿಸಿದ್ದು ನಿಜ. ಆದರೆ ಇಲಾಖೆಯಲ್ಲಿ ಡ್ರೈವರು ಬಾನೆಟ್ ಎತ್ತುವಂತಿರಲಿಲ್ಲ, ಅದಕ್ಕೆ ಮೆಕ್ಯಾನಿಕ್ಕು ಬೇರೆ ಇದ್ದ. ಮೂವತ್ತೊಂದು ವರ್ಷದಲ್ಲಿ ಅವನು ಒಳಗೆ ಕೈಯಿಟ್ಟಿದ್ದು ಇದೇ ಮೊದಲು, ಅದೂ ಅವಳ ಕೆಲಸದ ಮೇಲೆ. ವಿಶಾಖಾಳ ತಾಳ್ಮೆ ಮುಗಿಯಿತು. ಇಂಜಿನ್ ಆಯಿಲಿನ ಡಬ್ಬ ತಂದು ಅಪ್ಪನ ಮಡಿಲಿಗೆ ಹಾಕಿದಳು.

"ಏನ್ ಬರ್ದಿದೆ ಓದಪ್ಪ. ಜೋರಾಗಿ ಓದು, ಮುನಿರಾಮಪ್ಪನವರಿಗೂ ಕೇಳಿಸ್ಲಿ."

ಬೈರಯ್ಯ ಡಬ್ಬವನ್ನು ಒಂದು ಸುತ್ತು ತಿರುಗಿಸಿದ. ಇಂಗ್ಲಿಷ್ ಬಿಟ್ಟು ಬೇರೆ ಒಂದಕ್ಷರವಿರಲಿಲ್ಲ. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಇಲಾಖೆಯ ಗಾಡಿ ಎಲ್ಲಿಗೆ, ಎಷ್ಟು ಓಡಿತೆಂಬ ಲಾಗ್ ಬುಕ್ಕನ್ನು ಐದನೇ ಕ್ಲಾಸಿನಿಂದ ಅವನಿಗೆ ಬರೆದುಕೊಟ್ಟವಳು ವಿಶಾಖಾಳೇ.

"ಅಕ್ಕ, ಸಾಕು" ಎಂದ ಅನಿರುದ್ಧ.

"ಓದ್ಲಿ."

ಮುನಿರಾಮಪ್ಪ ತನ್ನ ಚಪ್ಪಲಿ ನೋಡಿಕೊಂಡ. ಬೈರಯ್ಯ ಡಬ್ಬ ಕೆಳಗಿಟ್ಟ.

"ನಂಗೆ ಓದೋಕೆ ಬರಲ್ಲ ಅಂತ ಗೊತ್ತಿದ್ದೇ ಕೊಟ್ಟೆ ನೀನು."

"ಹೂಂ, ಗೊತ್ತಿತ್ತು. ಕೈ ಹಾಕೋ ಮುಂಚೆ ನನ್ನನ್ನ ಒಂದ್ಮಾತು ಕೇಳ್ಬೋದಿತ್ತು. ಸಂಜೆ ನಾನು ಮನೇಲೇ ಇದ್ನಲ್ಲ."

ಬೈರಯ್ಯ ಪಕ್ಕಕ್ಕೆ ತಿರುಗಿ, "ಗಾಡಿ ಕೊಡಲ್ಲ ಮುನಿರಾಮಪ್ಪ. ಕೆಡಿಸಿದ್ದು ಇವಳಲ್ಲ, ನಾನು. ಗಾಡಿ ಅವಳ್ದು" ಎಂದ.

ಅವಳಿಗೆ ಬೇಕಾಗಿದ್ದು ಅದೇ. ಸಿಕ್ಕಿತು. ಸಿಟ್ಟು ಮಾತ್ರ ಒಂದಿಷ್ಟೂ ಇಳಿಯಲಿಲ್ಲ. ಮುನಿರಾಮಪ್ಪ ಎದ್ದು ಹೋದ, ಅನಿರುದ್ಧ ಒಳಗೆ ಹೋದ. ಅವಳು ಗೋಣಿಚೀಲ ಹಾಸಿ, ಎಲ್ಲವನ್ನೂ ಮೊದಲಿನಿಂದ ಬಿಚ್ಚಲು ಕಾರಿನ ಕೆಳಗೆ ನುಸುಳಿದಳು. ಸ್ವಲ್ಪ ಹೊತ್ತಿಗೆ ಅಪ್ಪನ ಪಾದಗಳು ಚಕ್ರದ ಪಕ್ಕ ಬಂದು ನಿಂತವು.

"ರಬ್ಬರೆಲ್ಲ ಬದಲಾಯಿಸ್ಬೇಕಾ?" ಎಂದು ಕೇಳಿದ. ತನಗೆ ತಿಳಿಯದ್ದೊಂದನ್ನು ಅಪ್ಪ ಅವಳನ್ನು ಕೇಳಿದ್ದು ಅದೇ ಮೊದಲು.

ಅವಳು ಕೈ ಮಾತ್ರ ಹೊರಗೆ ಚಾಚಿ, "ಹತ್ತನೇ ನಂಬರ್ ಸ್ಪ್ಯಾನರ್ ಕೊಡು. ಬೇಗ" ಎಂದಳು.

ಬೈರಯ್ಯ ಹುಡುಕಿ, ಬಗ್ಗಿ, ಅವಳ ಕೈಗಿಟ್ಟ.

ಸಾಹೇಬರುಗಳಿಗೆ ಹೇಳುತ್ತಿದ್ದ ಹಾಗೆ, "ತಗೊಳ್ಳಿ" ಎಂದ.