ಯಾರ ಪೆಟ್ಟು?

ಮೂವತ್ತು ವರ್ಷ ಕಪ್ಪಂಗಿ ತೊಟ್ಟು ಐದು ಗಾತಿಕ್ ರಾಕ್ ಬ್ಯಾಂಡುಗಳಲ್ಲಿ ಡ್ರಮ್ಸ್ ಬಾರಿಸಿದವನಿಗೆ ಮಗಳು ಅವನ ಮೊದಲ ಬ್ಯಾಂಡಿನ ಕ್ಯಾಸೆಟ್ ಕೇಳಿಸಿದಳು. "ಅಪ್ಪಾ, ಇದು ನೀನಾ, ಡ್ರಮ್ ಮಷೀನಾ?"

ಅವನು ತಬ್ಬಿಬ್ಬಾದ. ಆ ಬ್ಯಾಂಡಿನಲ್ಲಿ ಅವನಿಗಿಂತ ಮುಂಚೆ ತಾಳ ಹಾಕುತ್ತಿದ್ದದ್ದು ಮಷೀನು. ಅದು ಕೆಟ್ಟಾಗ ಇವನನ್ನು ಕರೆತಂದ ಗಾಯಕ, "ಥೇಟ್ ಅದರ ಹಾಗೇ ಬಾರಿಸು" ಎಂದು ಪ್ರಾಣ ತಿಂದಿದ್ದ. ಅಷ್ಟರಲ್ಲಿ, ಕ್ಯಾಸೆಟ್ಟಿನಲ್ಲಿ ಮಗ್ಗಿ ಒಪ್ಪಿಸಿದಂತೆ ಒಂದೇ ಸಮನೆ ಬೀಳುತ್ತಿದ್ದ ಪೆಟ್ಟು ಮೂರನೇ ಚರಣದಲ್ಲಿ ಒಮ್ಮೆ ತಪ್ಪಿತು.

"ನಾನೇ!" ಎಂದು ಹಿಗ್ಗಿದ. "ಮಷೀನು ಎಲ್ಲಾದ್ರೂ ತಪ್ಪುತ್ತಾ?"

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ಕೆಡೋಕೆ ಶುರುವಾದಾಗ ಅದೂ ಅಲ್ಲೇ ತಪ್ತಿತ್ತು ಕಣ್ರೀ. ಆ ತಪ್ಪೂ ಬೇಕು ಅಂತ ಆ ಗಾಯಕ ಹಟ ಹಿಡಿದ. ಅದನ್ನ ಕಲಿಯೋಕೇ ತಾನೇ ನೀವು ಒಂದು ತಿಂಗಳು ನನ್ನ ಅಡುಗೆಮನೆ ಡಬ್ಬಿಗಳನ್ನೆಲ್ಲ ಬಾರಿಸಿ ಜಜ್ಜಿ ಹಾಕಿದ್ದು!"